ಗ್ರಾಫಿಕ್ಸ್ ಕಾರ್ಡ್ ಹಾಟ್‌ಸ್ಪಾಟ್ 104 ಡಿಗ್ರಿ, ಮೆಮೊರಿ 106: ಗಾಳಿಯಲ್ಲೇ ಇಳಿಸಬಹುದಾ, ವಾಟರ್ ಲೂಪ್‌ಗೇ ಹೋಗಬೇಕಾ?

ಬಿಸಿಕಾರ್ಡ್

ನನ್ನದು 320 ವ್ಯಾಟ್‌ನ ಗ್ರಾಫಿಕ್ಸ್ ಕಾರ್ಡ್, ಮೂರು ಫ್ಯಾನ್, ಜಿಡಿಡಿಆರ್6ಎಕ್ಸ್ ಮೆಮೊರಿ. ವಾರಂಟಿ ಮುಗಿದಿದೆ, ಹಾಗಾಗಿ ಬಿಚ್ಚಲು ಅಡ್ಡಿಯಿಲ್ಲ. ಕೋಣೆಯಲ್ಲಿ 30 ಡಿಗ್ರಿ ಇರುವಾಗ ಅರ್ಧ ಗಂಟೆ ಪೂರ್ತಿ ಲೋಡ್ ಕೊಟ್ಟ ಮೇಲೆ ಎಚ್‌ಡಬ್ಲ್ಯುಇನ್‌ಫೋ (ಸೆನ್ಸರ್ ಅಂಕಿ ತೋರಿಸುವ ತಂತ್ರಾಂಶ) ತೋರಿಸುವುದು ಹೀಗೆ:

ಕೋರ್ 81
ಹಾಟ್‌ಸ್ಪಾಟ್ 104
ಮೆಮೊರಿ ಜಂಕ್ಷನ್ (ಮೆಮೊರಿ ಚಿಪ್ ಒಳಗಿನ ಉಷ್ಣತೆ) 106
ಫ್ಯಾನ್ 2,600 ಆರ್‌ಪಿಎಂ
ಕ್ಲಾಕ್ (ಚಿಪ್‌ನ ವೇಗ) ಶುರುವಿನಲ್ಲಿ 1905, ಆಮೇಲೆ 1770 ಮೆಗಾಹರ್ಟ್ಸ್

ಕೇಸ್‌ನ ಮುಂಭಾಗ ಗಾಜು, ಅದರ ಹಿಂದೆ ಎರಡು 140 ಮಿಮೀ ಫ್ಯಾನ್ ಒಳಗೆ ಎಳೆಯುತ್ತವೆ. ಹಿಂದೆ ಒಂದು 120 ಹೊರಗೆ ತಳ್ಳುತ್ತದೆ. ಸಿಪಿಯು 125 ವ್ಯಾಟ್, ಟವರ್ ಕೂಲರ್. ಫ್ಯಾನ್ ಸದ್ದು ಹೆಡ್‌ಫೋನ್ ಹಾಕಿದರೂ ಕೇಳಿಸುತ್ತದೆ. ಕೇಸ್ ಫ್ಯಾನ್ ಹೆಚ್ಚಿಸಲಾ, ಚಿಪ್‌ನ ಶಾಖವನ್ನು ಕೂಲರ್‌ಗೆ ದಾಟಿಸುವ ಪೇಸ್ಟ್ ಮತ್ತು ಪ್ಯಾಡ್ ಬದಲಿಸಲಾ, ಅಥವಾ ಇದೆಲ್ಲ ಬಿಟ್ಟು ವಾಟರ್ ಬ್ಲಾಕ್ (ಒಳಗೆ ನೀರು ಹರಿದು ಚಿಪ್ ತಣಿಸುವ ಲೋಹದ ತಟ್ಟೆ) ಹಾಕಲಾ? ಹಾಕುವುದಾದರೆ ಆ ನೀರನ್ನು ಗಾಳಿಯಿಂದ ತಣಿಸಲು ಎಷ್ಟು ದೊಡ್ಡ ರೇಡಿಯೇಟರ್ ಬೇಕು?

ಶಾಖಗಣಿತ

ಏನನ್ನೂ ಕೊಳ್ಳಬೇಡಿ, ಮೊದಲು ಈ ಸಂಖ್ಯೆಗಳನ್ನು ಬಿಡಿಸಿ ನೋಡೋಣ. ಒಂದೊಂದೂ ಬೇರೆ ಬೇರೆ ಜಾಗದ ದೂರು ಹೇಳುತ್ತಿದೆ.

ಕೋರ್ (ಮುಖ್ಯ ಗ್ರಾಫಿಕ್ಸ್ ಚಿಪ್) 81 ಅನ್ನುವುದು 30 ಡಿಗ್ರಿ ಕೋಣೆಯಲ್ಲಿ, 320 ವ್ಯಾಟ್‌ಗೆ, ಹೆದರುವಂಥದ್ದಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಕೋರ್‌ಗೂ ಹಾಟ್‌ಸ್ಪಾಟ್‌ಗೂ ಇರುವ 23 ಡಿಗ್ರಿ ಅಂತರ. ಡೈ (ಚಿಪ್‌ನ ಸಿಲಿಕಾನ್ ತುಂಡು) ಮೇಲೆ ಹರಡಿರುವ ಸೆನ್ಸರ್‌ಗಳಲ್ಲಿ ಆ ಹೊತ್ತಿಗೆ ಅತಿ ಹೆಚ್ಚು ಬಿಸಿಯಿರುವುದನ್ನೇ ಹಾಟ್‌ಸ್ಪಾಟ್ ಎಂದು ತೋರಿಸುತ್ತಾರೆ. ಪೇಸ್ಟ್ ಸಮವಾಗಿದ್ದು ಒತ್ತಡ ಸರಿಯಿದ್ದರೆ ಅಂತರ 10ರಿಂದ 15ರೊಳಗೆ ಇರುತ್ತದೆ. 20 ದಾಟಿತೆಂದರೆ ಡೈನ ಯಾವುದೋ ಮೂಲೆಗೆ ಹೀಟ್‌ಸಿಂಕ್ (ಶಾಖ ಹೀರುವ ಲೋಹದ ಕೂಲರ್) ಸರಿಯಾಗಿ ತಾಗುತ್ತಿಲ್ಲ. ಫ್ಯಾನ್ ಎಷ್ಟು ಜೋರು ಮಾಡಿದರೂ ಎರಡೂ ಸಂಖ್ಯೆ ಒಟ್ಟಿಗೆ ಇಳಿಯುತ್ತವೆ, ಅಂತರ ಮಾತ್ರ ಹಾಗೇ ಉಳಿಯುತ್ತದೆ. ಅದು ಗಾಳಿಯ ಸಮಸ್ಯೆ ಅಲ್ಲ. ಒಂದು ಎಚ್ಚರಿಕೆ: ಅಂತರ ವ್ಯಾಟ್‌ಗೆ ತಕ್ಕಂತೆ ಬೆಳೆಯುತ್ತದೆ, ಆದ್ದರಿಂದ 200 ವ್ಯಾಟ್‌ನಲ್ಲಿ ಅಳೆದದ್ದನ್ನು 320 ವ್ಯಾಟ್‌ನದರ ಜೊತೆ ಹೋಲಿಸಬೇಡಿ.

ಮೆಮೊರಿ 106 ಗಂಭೀರ. ಜಿಡಿಡಿಆರ್6ಎಕ್ಸ್ ಚಿಪ್‌ಗಳು 110ಕ್ಕೆ ತಾವೇ ವೇಗ ಇಳಿಸಿಕೊಳ್ಳುತ್ತವೆ. ಕೋಣೆ ಇನ್ನು ನಾಲ್ಕು ಡಿಗ್ರಿ ಬಿಸಿಯಾದರೆ ಅಲ್ಲಿಗೆ ತಲುಪುತ್ತೀರಿ.

ಕ್ಲಾಕ್ ಬಿದ್ದದ್ದಕ್ಕೆ ಉಷ್ಣತೆಯನ್ನೇ ದೂರಬೇಡಿ. ಎನ್ವಿಡಿಯಾ ಕಾರ್ಡ್‌ಗಳು ಬಿಸಿಯಾದಂತೆ 15 ಮೆಗಾಹರ್ಟ್ಸ್ ಮೆಟ್ಟಿಲುಗಳಲ್ಲಿ ಇಳಿಯುವುದು ನಿಜ, ಆದರೆ 135 ಮೆಗಾಹರ್ಟ್ಸ್ ಇಳಿತದಲ್ಲಿ ಬಹುಪಾಲು ಪವರ್ ಲಿಮಿಟ್‌ನದೇ (ಕಾರ್ಡ್ ಎಳೆಯಬಹುದಾದ ವಿದ್ಯುತ್ತಿನ ಮಿತಿ) ಇರಬಹುದು. ಎಚ್‌ಡಬ್ಲ್ಯುಇನ್‌ಫೋದಲ್ಲಿ ಪರ್ಫಾರ್ಮೆನ್ಸ್ ಲಿಮಿಟ್ ಸಾಲುಗಳನ್ನು ನೋಡಿ. ಪವರ್ ಎದುರು ‘ಯೆಸ್’, ಥರ್ಮಲ್ ಎದುರು ‘ನೋ’ ಇದ್ದರೆ ನೀರಿನ ಕೂಲಿಂಗ್ ಹಾಕಿದ ಮೇಲೂ ಫ್ರೇಮ್ ರೇಟ್ ಹೆಚ್ಚೇನೂ ಏರುವುದಿಲ್ಲ.

ಈಗ ಎರಡು ಕೆಲಸ, ಎರಡಕ್ಕೂ ಖರ್ಚಿಲ್ಲ.

ಮೊದಲನೆಯದು, ಪಕ್ಕದ ಬಾಗಿಲು ತೆಗೆದು ಪರೀಕ್ಷೆ. ಜಿಪಿಯು (ಗ್ರಾಫಿಕ್ಸ್ ಚಿಪ್) ಫ್ಯಾನನ್ನು ಆಟೋದಿಂದ ತೆಗೆದು ಒಂದೇ ಆರ್‌ಪಿಎಂನಲ್ಲಿ ನಿಲ್ಲಿಸಿ. ಇಲ್ಲದಿದ್ದರೆ ಫ್ಯಾನ್ ಕರ್ವ್ (ಉಷ್ಣತೆಗೆ ತಕ್ಕ ವೇಗ ಗೊತ್ತುಮಾಡುವ ಸೆಟ್ಟಿಂಗ್) ತಾನೇ ನಿಧಾನವಾಗಿ, ಆದ ವ್ಯತ್ಯಾಸವನ್ನು ಮುಚ್ಚಿಹಾಕುತ್ತದೆ. ಬಾಗಿಲು ಹಾಕಿ ಒಮ್ಮೆ, ತೆಗೆದು ಒಮ್ಮೆ, ಪ್ರತಿ ಸಲ 20 ನಿಮಿಷ ಅದೇ ಲೋಡ್. ಕೋರ್ ಎರಡು ಮೂರು ಡಿಗ್ರಿ ಇಳಿದರೆ ಕೇಸ್ ಚೆನ್ನಾಗಿದೆ. ಐದು ಅಥವಾ ಹೆಚ್ಚು ಇಳಿದರೆ ಕಾರ್ಡ್‌ಗೆ ಹೊಸ ಗಾಳಿ ಸಾಲುತ್ತಿಲ್ಲ.

ಎರಡನೆಯದು ಅಂಡರ್‌ವೋಲ್ಟ್, ಅಂದರೆ ಚಿಪ್‌ಗೆ ಕೊಡುವ ವೋಲ್ಟೇಜ್ ಇಳಿಸುವುದು. ಚಿಪ್ ಎಳೆಯುವ ಪವರ್ ವೋಲ್ಟೇಜ್‌ನ ವರ್ಗಕ್ಕೆ ಅನುಗುಣ. 1.05 ವೋಲ್ಟ್‌ನಿಂದ 0.9ಕ್ಕೆ ಇಳಿದರೆ ಅದೇ ಕ್ಲಾಕ್‌ನಲ್ಲಿ ಕೋರ್‌ನ ಡೈನಾಮಿಕ್ ಪವರ್ ಸುಮಾರು ಶೇ 26 ಕಡಿಮೆ. ಇಡೀ ಕಾರ್ಡ್‌ನಲ್ಲಿ ಅಷ್ಟು ಕಾಣುವುದಿಲ್ಲ, ಏಕೆಂದರೆ ಮೆಮೊರಿ ಮತ್ತು ಫ್ಯಾನ್‌ಗಳ ಪಾಲು ಹಾಗೇ ಇರುತ್ತದೆ.

ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿದರೆ ವೋಲ್ಟೇಜ್ ಕರ್ವ್ ತೆರೆಯುತ್ತದೆ. ಮೊದಲು ಕೋರ್ ಕ್ಲಾಕ್ ಸ್ಲೈಡರ್‌ನಿಂದ ಇಡೀ ಕರ್ವನ್ನು 250 ಮೆಗಾಹರ್ಟ್ಸ್‌ನಷ್ಟು ಕೆಳಗಿಳಿಸಿ. ಆಮೇಲೆ 0.9 ವೋಲ್ಟ್‌ನ ಒಂದೇ ಚುಕ್ಕೆಯನ್ನು 1800ಕ್ಕೆ ಎತ್ತಿ ಅಪ್ಲೈ ಒತ್ತಿ. ಬಲಗಡೆಯ ಚುಕ್ಕೆಗಳೆಲ್ಲ ಅದೇ ಎತ್ತರಕ್ಕೆ ಸಮತಟ್ಟಾಗುತ್ತವೆ, ಕಾರ್ಡ್ ಅದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುವುದಿಲ್ಲ. ಇದನ್ನು ಕಾರ್ಡ್ ಬಿಸಿಯಿರುವಾಗ ಮಾಡಿ. ತಣ್ಣಗಿರುವಾಗ ಕರ್ವ್ ತಾನಾಗಿಯೇ ಒಂದೆರಡು ಮೆಟ್ಟಿಲು ಮೇಲಕ್ಕೆ ಸರಿದಿರುತ್ತದೆ, ಅಳತೆ ತಪ್ಪುತ್ತದೆ. ಸರಿಹೋದರೆ 0.875ಕ್ಕೆ ಪ್ರಯತ್ನಿಸಿ. ಅತಿಯಾದಾಗ ಡ್ರೈವರ್ ರೀಸೆಟ್ ಆಗುತ್ತದೆ ಅಥವಾ ಗೇಮ್ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಬೆಂಚ್‌ಮಾರ್ಕ್ ಒಂದು ಸುತ್ತು ಪಾಸಾಯಿತೆಂದು ನಂಬಬೇಡಿ. ರೇ ಟ್ರೇಸಿಂಗ್ ಇರುವ ಭಾರೀ ಗೇಮ್ ಒಂದರಲ್ಲಿ ಗಂಟೆಗಟ್ಟಲೆ ನಿಂತರೆ ಮಾತ್ರ ಆ ಸೆಟ್ಟಿಂಗ್ ಲೆಕ್ಕಕ್ಕೆ.

ಪ್ಯಾಡ್‌ಪುರಾಣ

ಮೇಲಿನ ಲೆಕ್ಕ ಸರಿ. 23ರ ಅಂತರ ಪೇಸ್ಟ್ ಹೊರಬಿದ್ದಿರುವ ಲಕ್ಷಣ. ಜಿಪಿಯು ಡೈ ಮೇಲೆ ಸಿಪಿಯುವಿನಂತೆ ಲೋಹದ ಮುಚ್ಚಳ ಇಲ್ಲ, ಬರೀ ಸಿಲಿಕಾನ್. ಬಿಸಿಯಾದಾಗ ಡೈ ಮತ್ತು ತಾಮ್ರ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ಪ್ರತಿ ಬಿಸಿ-ತಂಪಿನ ಸುತ್ತಿನಲ್ಲೂ ತೆಳು ಪೇಸ್ಟ್ ಚೂರುಚೂರೇ ಅಂಚಿಗೆ ಜಾರುತ್ತದೆ. ತೆರೆದು ನೋಡಿದರೆ ನಡುವೆ ಡೈ ಹೊಳೆಯುತ್ತಿರುತ್ತದೆ, ಸುತ್ತ ಪೇಸ್ಟ್‌ನ ಗೋಡೆ. ಸಿಪಿಯುಗೆ ಹೇಳಿ ಮಾಡಿಸಿದಂಥ ಮೃದು ಪೇಸ್ಟ್‌ಗಳು ಇಲ್ಲಿ ಕೆಲವೇ ತಿಂಗಳಲ್ಲಿ ಸೋಲುವುದು ಇದಕ್ಕೇ.

ಆದ್ದರಿಂದ ಗಟ್ಟಿ ಪೇಸ್ಟ್ ಹಾಕಿ, ಇಲ್ಲವೇ ಹನಿವೆಲ್‌ನ ಪಿಟಿಎಂ7950 ಹಾಳೆ. ನನ್ನ ಓಟು ಹಾಳೆಗೇ. ಸುಮಾರು 45 ಡಿಗ್ರಿಗೆ ಮೆತ್ತಗಾಗಿ ಡೈ ಮೇಲಿನ ಸಂದುಗಳಿಗೆ ಇಳಿಯುತ್ತದೆ, ತಣ್ಣಗಾದಾಗ ಗಟ್ಟಿಯಾಗುತ್ತದೆ, ಹಾಗಾಗಿ ಹೊರಜಾರುವ ಕಾಟ ತೀರಾ ಕಡಿಮೆ. ಡೈಗಿಂತ ಒಂದು ಮಿಮೀ ದೊಡ್ಡದಾಗಿ ಕತ್ತರಿಸಿ. ಫಿಲ್ಮ್ ಬಿಡಿಸುವ ಮುಂಚೆ ಹತ್ತು ಹದಿನೈದು ನಿಮಿಷ ಫ್ರಿಜ್‌ನಲ್ಲಿಡಿ, ಇಲ್ಲದಿದ್ದರೆ ಹಾಳೆ ಫಿಲ್ಮ್‌ಗೆ ಅಂಟಿಕೊಂಡು ಹರಿಯುತ್ತದೆ. ಹಾಕಿದ ತಕ್ಷಣದ ಅಂಕಿ ನೋಡಿ ನಿರಾಶರಾಗಬೇಡಿ, ಹಲವು ಸಲ ಬಿಸಿಯಾಗಿ ತಣ್ಣಗಾದ ಮೇಲೆಯೇ ಅದು ಪೂರ್ತಿ ತೆಳುವಾಗುವುದು.

ಜನ ಕೈಸುಟ್ಟುಕೊಳ್ಳುವುದು ಪ್ಯಾಡ್‌ಗಳ ವಿಷಯದಲ್ಲಿ. ದಪ್ಪ ತಪ್ಪಿತೆಂದರೆ ಮೊದಲಿಗಿಂತ ಕೆಡುತ್ತದೆ. ಅರ್ಧ ಮಿಮೀ ಹೆಚ್ಚಾದರೂ ಗಡಸು ಪ್ಯಾಡ್‌ಗಳು ಹೀಟ್‌ಸಿಂಕನ್ನು ಎತ್ತಿ ಹಿಡಿಯುತ್ತವೆ, ಡೈ ಮೇಲಿನ ಒತ್ತಡ ಹೋಗುತ್ತದೆ, ಮೆಮೊರಿ ತಣ್ಣಗಾಗಿ ಹಾಟ್‌ಸ್ಪಾಟ್ 110 ಮುಟ್ಟುತ್ತದೆ. ಕಡಿಮೆಯಾದರೆ ಮೆಮೊರಿಗೆ ಹೀಟ್‌ಸಿಂಕ್ ತಾಗುವುದೇ ಇಲ್ಲ. ಒಂದೇ ಕಾರ್ಡ್‌ನಲ್ಲಿ ಮೆಮೊರಿಗೆ ಒಂದು ದಪ್ಪ, ವಿಆರ್‌ಎಂಗೆ (ಚಿಪ್‌ಗೆ ವೋಲ್ಟೇಜ್ ಒದಗಿಸುವ ಭಾಗ) ಇನ್ನೊಂದು, ಬ್ಯಾಕ್‌ಪ್ಲೇಟ್‌ಗೆ (ಕಾರ್ಡ್ ಹಿಂಬದಿಯ ತಟ್ಟೆ) ಮತ್ತೊಂದು ಇರುವುದು ಮಾಮೂಲು. ಹಳೆಯ ಪ್ಯಾಡ್ ಒತ್ತಿಹೋಗಿರುತ್ತದೆ, ಅದನ್ನು ಅಳೆದು ಮೋಸ ಹೋಗಬೇಡಿ. ಚಿಪ್ ತಾಗದೆ ಹೊರಗೆ ಚಾಚಿರುವ ಅಂಚನ್ನು ಕ್ಯಾಲಿಪರ್‌ನಿಂದ ಅಳೆಯಿರಿ. ಪೊಟ್ಟಣದ ಮೇಲಿನ ಮೀಟರ್-ಕೆಲ್ವಿನ್‌ಗೆ ಇಷ್ಟು ವ್ಯಾಟ್ ಅನ್ನುವ ಸಂಖ್ಯೆಗಿಂತ ಮೆತ್ತಗಿರುವುದು ಮುಖ್ಯ.

ದಪ್ಪ ಗೊತ್ತಾಗದಿದ್ದರೆ ಥರ್ಮಲ್ ಪುಟ್ಟಿ (ಶಾಖ ದಾಟಿಸುವ ಮೆತ್ತನೆಯ ಮುದ್ದೆ) ಬಳಸಿ. ಪ್ರತಿ ಚಿಪ್ ಮೇಲೆ ಬೇಕಾದ್ದಕ್ಕಿಂತ ತುಸು ಎತ್ತರಕ್ಕೆ ಗುಪ್ಪೆ ಇಟ್ಟು ಒತ್ತಿದರೆ ಸಂದು ಎಷ್ಟಿದೆಯೋ ಅಷ್ಟಕ್ಕೆ ತಾನೇ ಕೂರುತ್ತದೆ, ಡೈ ಒತ್ತಡಕ್ಕೆ ಅಡ್ಡ ಬರುವುದಿಲ್ಲ. ಒರೆಸುವುದು ಮಾತ್ರ ರೇಜಿಗೆ.

ಬಿಚ್ಚುವಾಗ: ಕಾರ್ಡನ್ನು ಹತ್ತು ನಿಮಿಷ ಓಡಿಸಿ ಬೆಚ್ಚಗೆ ಮಾಡಿ, ಪವರ್ ಕಿತ್ತು, ಆಮೇಲೆ ಸ್ಕ್ರೂ. ಕೂಲರನ್ನು ನೇರ ಎಳೆಯದೆ ಸ್ವಲ್ಪ ಅತ್ತಿತ್ತ ತಿರುಚಿ ಬಿಡಿಸಿ. ಬಿಟ್ಟ ಕೂಡಲೇ ಪೂರ್ತಿ ಎತ್ತಬೇಡಿ, ಕೆಳಗೆ ಫ್ಯಾನ್ ಮತ್ತು ಎಲ್‌ಇಡಿ ವೈರ್‌ಗಳು ಬೋರ್ಡ್‌ಗೆ ಸಿಕ್ಕಿಕೊಂಡಿರುತ್ತವೆ. ಕನೆಕ್ಟರನ್ನು ವೈರ್ ಹಿಡಿದು ಎಳೆದರೆ ಸಾಕೆಟ್ಟೇ ಕಿತ್ತು ಬರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ 99 ಶೇಕಡದ್ದು ಬಳಸಿ ಡೈ ಒರೆಸಿ. ಜೋಡಿಸುವಾಗ ಡೈ ಸುತ್ತಲಿನ ನಾಲ್ಕು ಸ್ಪ್ರಿಂಗ್ ಸ್ಕ್ರೂಗಳನ್ನು ಎದುರುಬದುರಾಗಿ, ಒಂದೊಂದಕ್ಕೆ ಅರ್ಧ ಸುತ್ತಿನಂತೆ ಬಿಗಿಯಿರಿ. ಒಂದು ಮೂಲೆ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಡೈ ಮೂಲೆ ಚಕ್ಕೆ ಏಳಬಹುದು. ಮಿಕ್ಕ ಸ್ಕ್ರೂಗಳೆಲ್ಲ ಆಮೇಲೆ.

ಇನ್ನೊಂದು: ಎನ್ವಿಡಿಯಾ 3090ರಂಥ ಕಾರ್ಡ್‌ಗಳಲ್ಲಿ 24 ಮೆಮೊರಿ ಚಿಪ್‌ಗಳ ಪೈಕಿ 12 ಬೋರ್ಡ್‌ನ ಹಿಂಬದಿಯಲ್ಲಿವೆ. ಅಲ್ಲಿ ಬ್ಯಾಕ್‌ಪ್ಲೇಟ್‌ನ ಪ್ಯಾಡ್ ಬದಲಿಸಿ ಅದರ ಮೇಲೆ ಗಾಳಿ ಬಿಡದೆ ಮುಂಭಾಗಕ್ಕೆ ಏನು ಮಾಡಿದರೂ ಮೆಮೊರಿ ಇಳಿಯುವುದಿಲ್ಲ. ನಿಮ್ಮದರಲ್ಲಿ ಎಲ್ಲ ಮುಂಭಾಗದಲ್ಲೇ ಇದ್ದರೆ ಈ ತಲೆನೋವಿಲ್ಲ.

ಬಿಸಿಕಾರ್ಡ್

ಪವರ್ ಲಿಮಿಟ್ ‘ಯೆಸ್’, ಥರ್ಮಲ್ ‘ನೋ’. ಫ್ಯಾನ್ 2,600ರಲ್ಲೇ ನಿಲ್ಲಿಸಿ ಬಾಗಿಲು ತೆಗೆದಾಗ ಕೋರ್ 75, ಹಾಟ್‌ಸ್ಪಾಟ್ 98, ಮೆಮೊರಿ 100. ಬಾಗಿಲು ಹಾಕಿ 0.875 ವೋಲ್ಟ್, 1785 ಮೆಗಾಹರ್ಟ್ಸ್‌ನಲ್ಲಿ 255 ವ್ಯಾಟ್: ಕೋರ್ 71, ಹಾಟ್‌ಸ್ಪಾಟ್ 89, ಮೆಮೊರಿ 98. ಪಿಟಿಎಂ ಮತ್ತು ಪುಟ್ಟಿ ಹಾಕುವುದು ಖಚಿತ. ಇಷ್ಟಾದ ಮೇಲೂ ನೀರಿನಿಂದ ಲಾಭ ಉಂಟೇ? ನನಗೆ ಮುಖ್ಯ ಬೇಕಿರುವುದು ಸದ್ದು ಕಡಿಮೆಯಾಗುವುದು.

ಶಾಖಗಣಿತ

ಬಾಗಿಲು ತೆಗೆದಾಗ ಆರು ಡಿಗ್ರಿ ಇಳಿದಿದೆ, ಅಂತರ 23ರಲ್ಲೇ ನಿಂತಿದೆ. ಎರಡು ರೋಗ, ಎರಡು ಮದ್ದು. ಪೇಸ್ಟ್‌ನದು ಹೇಳಿಯಾಯಿತು. ಗಾಳಿಯದಕ್ಕೆ ಮುಂದಿನ ಗಾಜೇ ಕಾರಣ. ಫ್ಯಾನ್ ಎಷ್ಟಿದ್ದರೂ ಬದಿಯ ಸಣ್ಣ ಸೀಳಿನಿಂದ ಬರುವಷ್ಟೇ ಬರುತ್ತದೆ. ಗಾಜು ತೆಗೆದು ಜಾಲರಿ ಹಾಕಲು ಸಾಧ್ಯವಿದ್ದರೆ ಹೊಸ ಫ್ಯಾನ್‌ಗಳ ಮಾತೇ ಬೇಡ. ಕೇಸ್‌ನ ತಳದಲ್ಲಿ ಜಾಗ ಇದ್ದರೆ ಕಾರ್ಡ್‌ನ ಕೆಳಗೇ ಎರಡು 120 ಫ್ಯಾನ್ ಮೇಲ್ಮುಖವಾಗಿ ಹಾಕಿ, ಆ ಗಾಳಿ ಬೇರೆಲ್ಲೂ ಬಿಸಿಯಾಗದೆ ಕಾರ್ಡ್‌ಗೆ ಸೇರುತ್ತದೆ. ಹಿಂದಿನ ಫ್ಯಾನ್ ಜೊತೆಗೆ ಮೇಲೆ, ಹಿಂಬದಿಗೆ ಹತ್ತಿರ, ಹೊರಹಾಕುವ ಒಂದು ಸಾಕು. ಮೇಲೆ ಮುಂಭಾಗದಲ್ಲಿ ಹಾಕಿದರೆ ಒಳಬಂದ ತಂಪುಗಾಳಿಯನ್ನು ಕೆಲಸ ಮಾಡುವ ಮೊದಲೇ ಹೊರಗೆಳೆಯುತ್ತದೆ.

ಸದ್ದಿಗೆ ಇನ್ನೊಂದು ದಾರಿ, ಡಿಶ್ರೌಡ್. ಕಾರ್ಡ್‌ನ ಪ್ಲಾಸ್ಟಿಕ್ ಹೊದಿಕೆ ಮತ್ತು ತೆಳು ಫ್ಯಾನ್‌ಗಳನ್ನು ತೆಗೆದು, ಹೀಟ್‌ಸಿಂಕ್‌ಗೇ ನೇರವಾಗಿ 25 ಮಿಮೀ ದಪ್ಪದ ಎರಡು 120 ಫ್ಯಾನ್‌ಗಳನ್ನು ಜಿಪ್ ಟೈನಿಂದ ಕಟ್ಟುವುದು. ಅದೇ ಉಷ್ಣತೆಗೆ ಆರ್‌ಪಿಎಂ ಚೆನ್ನಾಗಿ ಇಳಿಯುತ್ತದೆ. ಕಾರ್ಡ್ ಮೂರೂವರೆ ಸ್ಲಾಟ್‌ವರೆಗೆ ದಪ್ಪವಾಗುತ್ತದೆ, ಕೆಳಗೆ ಜಾಗ ನೋಡಿಕೊಳ್ಳಿ. ಫ್ಯಾನ್‌ಗಳನ್ನು ಮದರ್‌ಬೋರ್ಡ್‌ಗೆ ಸಿಕ್ಕಿಸಿ, ಫ್ಯಾನ್‌ಕಂಟ್ರೋಲ್ ತಂತ್ರಾಂಶದಲ್ಲಿ ಜಿಪಿಯು ಹಾಟ್‌ಸ್ಪಾಟ್ ಮತ್ತು ಮೆಮೊರಿ ಎರಡರಲ್ಲಿ ಹೆಚ್ಚಿರುವುದಕ್ಕೆ ಕರ್ವ್ ಕಟ್ಟಿ. ಮೂರು ಡಿಗ್ರಿ ಹಿಸ್ಟರಿಸಿಸ್ (ಅಷ್ಟು ಬದಲಾಗುವತನಕ ಫ್ಯಾನ್ ವೇಗ ಬದಲಿಸದ ಅಂತರ) ಇಟ್ಟರೆ ಫ್ಯಾನ್ ಕ್ಷಣಕ್ಷಣಕ್ಕೂ ಏರಿಳಿಯುವುದು ನಿಲ್ಲುತ್ತದೆ. ನಿಜ ಹೇಳಬೇಕೆಂದರೆ ಏರಿಳಿಯುವ 1,200 ಆರ್‌ಪಿಎಂಗಿಂತ ಒಂದೇ ಸಮನೆ ತಿರುಗುವ 1,400 ಕಿವಿಗೆ ಹಿತ.

ಕಾರ್ಡನ್ನು ನೆಟ್ಟಗೆ ನಿಲ್ಲಿಸುವ ಬ್ರಾಕೆಟ್‌ಗಳ ಆಸೆಗೆ ಬೀಳಬೇಡಿ. ಗಾಜಿಗೂ ಫ್ಯಾನ್‌ಗೂ ಎರಡು ಬೆರಳಷ್ಟೂ ಜಾಗ ಉಳಿಯದ ಕೇಸ್‌ಗಳೇ ಹೆಚ್ಚು.

ನೀರ್ಗೊಳವೆ

ನೀರಿನ ಪರವಾಗಿ ಯಾರೂ ಬಾಯಿಬಿಡದ್ದರಿಂದ ನಾನೇ ಬರೆಯುತ್ತೇನೆ. ಸದ್ದು ಮುಖ್ಯವಾದರೆ ಲೂಪ್‌ಗೆ ಅರ್ಥವಿದೆ. ಫ್ರೇಮ್ ರೇಟ್‌ಗಾಗಿ ಇಲ್ಲ, ಪವರ್ ಲಿಮಿಟ್ ಅದನ್ನು ಆಗಲೇ ಹೇಳಿದೆ. ನೀರು ಶಾಖವನ್ನು ಮಾಯ ಮಾಡುವುದಿಲ್ಲ, ದೊಡ್ಡ ರೇಡಿಯೇಟರ್ ಇರುವ ಕಡೆಗೆ ಹೊತ್ತೊಯ್ಯುತ್ತದೆ ಅಷ್ಟೆ. ಕೋಣೆಗಿಂತ ತಣ್ಣಗೆ ಎಂದೂ ಆಗದು.

ರೇಡಿಯೇಟರ್ ಲೆಕ್ಕ: ಫ್ಯಾನ್ 1,000ದಿಂದ 1,200 ಆರ್‌ಪಿಎಂ ಇರುವಾಗ, ನೀರು ಗಾಳಿಗಿಂತ 10 ಡಿಗ್ರಿ ಮೇಲಿರಲಿ ಎಂದುಕೊಂಡರೆ, ಒಂದು 120 ಮಿಮೀ ಭಾಗಕ್ಕೆ ಸುಮಾರು 100 ವ್ಯಾಟ್. ನಿಮ್ಮ 255 ವ್ಯಾಟ್ ಕಾರ್ಡ್ ಒಂದಕ್ಕೇ ಆದರೆ 360 ಮಿಮೀ (ಅಂಥ ಮೂರು ಭಾಗ) ಸಾಕು. ಸಿಪಿಯು ಸೇರಿಸಿದರೆ 380 ವ್ಯಾಟ್, ಆಗ 360 ಜೊತೆಗೆ 240. ದಪ್ಪ 30 ಮಿಮೀ ಇರಲಿ. 60 ಮಿಮೀ ರೇಡಿಯೇಟರ್ ನಿಧಾನದ ಫ್ಯಾನ್‌ಗೆ ದಂಡ. ಕೋಣೆ 30 ಇದ್ದರೆ ನೀರು 40, ಕೋರ್ 50ರಿಂದ 55, ಹಾಟ್‌ಸ್ಪಾಟ್ 65ರ ಆಸುಪಾಸು ನಿರೀಕ್ಷಿಸಿ. ಕೋರ್ ನೀರಿಗಿಂತ 20ಕ್ಕೂ ಹೆಚ್ಚು ಮೇಲಿದ್ದರೆ ಬ್ಲಾಕ್ ಸರಿಯಾಗಿ ಕೂತಿಲ್ಲ, ಅಥವಾ ಅದರ ಸಣ್ಣ ರೆಕ್ಕೆಗಳಲ್ಲಿ ಕಸ ಕಟ್ಟಿದೆ.

ಬ್ಲಾಕ್ ಕೊಳ್ಳುವ ಮುಂಚೆ ಚಿಪ್‌ನ ಹೆಸರಲ್ಲ, ನಿಮ್ಮ ಬೋರ್ಡ್‌ನ ಮಾದರಿ ಮತ್ತು ರಿವಿಷನ್ ನೋಡಿ. ಒಂದೇ ಚಿಪ್‌ನ ಎರಡು ಕಾರ್ಡ್‌ಗಳಲ್ಲಿ ಕೆಪಾಸಿಟರ್ ಜಾಗ ಬೇರೆಯಿದ್ದರೆ ಬ್ಲಾಕ್ ಕೂರುವುದಿಲ್ಲ. ಪೂರ್ತಿ ಕವರ್ ಬ್ಲಾಕೇ ಇರಲಿ, ಅದರಲ್ಲಿ ಮೆಮೊರಿ ಮತ್ತು ವಿಆರ್‌ಎಂ ಮೇಲೂ ನೀರು ಹಾಯುತ್ತದೆ. ಪ್ಯಾಡ್ ದಪ್ಪ ಬ್ಲಾಕ್‌ನ ಕೈಪಿಡಿಯಂತೆ, ಹಳೆಯ ಕೂಲರ್‌ನಂತೆ ಅಲ್ಲ.

ಲೂಪ್‌ನಲ್ಲಿ ಯಾವುದು ಮೊದಲು ಅನ್ನುವ ಚರ್ಚೆಗೆ ತಲೆ ಕೆಡಿಸಿಕೊಳ್ಳಬೇಡಿ. ನಿಮಿಷಕ್ಕೆ ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಸುಮಾರು 70 ವ್ಯಾಟ್ ಹೊರುತ್ತದೆ. ನಿಮಿಷಕ್ಕೆ 4 ಲೀಟರ್ ಹರಿವಿದ್ದರೆ 380 ವ್ಯಾಟ್‌ಗೆ ಇಡೀ ಲೂಪ್‌ನ ವ್ಯತ್ಯಾಸ ಒಂದೂವರೆ ಡಿಗ್ರಿಯೂ ಇಲ್ಲ. ಮುಖ್ಯವಾದ ಕ್ರಮ ಒಂದೇ: ರಿಸರ್ವಾಯರ್ (ನೀರಿನ ತೊಟ್ಟಿ) ಪಂಪ್‌ಗೆ ನೇರ ನೀರುಣಿಸಬೇಕು, ಅದಕ್ಕಿಂತ ಮೇಲಿರಬೇಕು. ಪಂಪ್ ಒಣಗಿ ತಿರುಗಿದರೆ ಬೇರಿಂಗ್ ಹೋಗುತ್ತದೆ.

ತಾಮ್ರ, ಹಿತ್ತಾಳೆ, ನಿಕಲ್ ಒಟ್ಟಿಗೆ ಇರಬಹುದು. ಅಲ್ಯೂಮಿನಿಯಂ ರೇಡಿಯೇಟರ್ ಮಾತ್ರ ಬೇಡ, ತಾಮ್ರದ ಜೊತೆ ಅದು ಕೊರೆದುಹೋಗುತ್ತದೆ. ಮೊದಲ ಲೂಪ್‌ಗೆ ಇಪಿಡಿಎಂ ರಬ್ಬರ್ ಕೊಳವೆ, 10/16 ಅಳತೆ (ಒಳವ್ಯಾಸ 10, ಹೊರವ್ಯಾಸ 16 ಮಿಮೀ). ಪಾರದರ್ಶಕ ಪಿವಿಸಿಯಿಂದ ಪ್ಲಾಸ್ಟಿಸೈಜರ್ (ಪ್ಲಾಸ್ಟಿಕ್ ಮೆತ್ತಗಿಡುವ ರಾಸಾಯನಿಕ) ಬಿಟ್ಟುಕೊಂಡು ಬ್ಲಾಕ್‌ನಲ್ಲಿ ಕೂರುತ್ತದೆ. ಕೂಲೆಂಟ್ ಬಣ್ಣವಿಲ್ಲದ, ತುಕ್ಕು ಮತ್ತು ಪಾಚಿ ತಡೆಯುವ ಸಿದ್ಧ ದ್ರವ. ಹಾಲಿನಂಥ ಪೇಸ್ಟಲ್ ದ್ರವಗಳು ಫೋಟೋಗೆ ಚೆಂದ, ಅದರ ಕಣಗಳು ಕೊನೆಗೆ ಬ್ಲಾಕ್‌ನಲ್ಲೇ ನೆಲೆಸುತ್ತವೆ. ಹೊಸ ರೇಡಿಯೇಟರ್‌ನೊಳಗೆ ಬೆಸುಗೆಯ ಫ್ಲಕ್ಸ್ ಉಳಿದಿರುತ್ತದೆ, ಬಿಸಿ ಡಿಸ್ಟಿಲ್ಡ್ ನೀರು ಹಾಕಿ ಕುಲುಕಿ, ತಿಳಿಯಾಗಿ ಬರುವತನಕ ತೊಳೆಯಿರಿ.

ನೀರು ತುಂಬುವ ಮುಂಚೆ ಗಾಳಿ ಪರೀಕ್ಷೆ: ಗೇಜ್ ಇರುವ ಕೈಪಂಪ್‌ನಿಂದ 0.5 ಬಾರ್‌ವರೆಗೆ, ಅದೂ ರಿಸರ್ವಾಯರ್ ತಯಾರಕರು ಹೇಳಿದ ಮಿತಿಯೊಳಗೆ. ಅರ್ಧ ಗಂಟೆ ಮುಳ್ಳು ಕದಲಬಾರದು. ಇಳಿದರೆ ಫಿಟ್ಟಿಂಗ್ ಒಂದೊಂದನ್ನೇ ಬಿಚ್ಚಿ ಓ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಉಂಗುರ) ನೋಡಿ, ಹೆಚ್ಚಾಗಿ ತಿರುಚಿಕೊಂಡಿರುತ್ತದೆ. ಜಿ1/4 ಅಳತೆಯ ಫಿಟ್ಟಿಂಗ್‌ಗಳಿಗೆ ಕೈಬಿಗಿ ಸಾಕು. ಇಕ್ಕಳ ಹಾಕಿದರೆ ಅಕ್ರಿಲಿಕ್ ಬಿರುಕು ಬಿಡುತ್ತದೆ. ತುಂಬುವಾಗ ಮದರ್‌ಬೋರ್ಡ್‌ನ 24 ಪಿನ್, ಸಿಪಿಯು, ಜಿಪಿಯು ಕೇಬಲ್ ಎಲ್ಲ ಕಿತ್ತು, ಪವರ್ ಸಪ್ಲೈಗೆ ಜಂಪರ್ (ಮದರ್‌ಬೋರ್ಡ್ ಇಲ್ಲದೆಯೇ ಅದನ್ನು ಆನ್ ಮಾಡುವ ತುಂಡು) ಹಾಕಿ ಪಂಪ್ ಒಂದನ್ನೇ ಓಡಿಸಿ. ರಿಸರ್ವಾಯರ್ ಖಾಲಿಯಾಗುವ ಮುಂಚೆ ನಿಲ್ಲಿಸಿ, ತುಂಬಿ, ಮತ್ತೆ ಓಡಿಸಿ. ಕೇಸನ್ನು ನಾಲ್ಕೂ ಕಡೆ ವಾಲಿಸಿದರೆ ರೇಡಿಯೇಟರ್‌ನಲ್ಲಿ ಅಡಗಿರುವ ಗಾಳಿ ಹೊರಬರುತ್ತದೆ.

ಫ್ಯಾನ್‌ಗಳನ್ನು ಜಿಪಿಯು ಉಷ್ಣತೆಗೆ ಕಟ್ಟಬೇಡಿ, ನೀರಿನ ಉಷ್ಣತೆಗೆ ಕಟ್ಟಿ. ಅದಕ್ಕೊಂದು 10 ಕಿಲೋಓಮ್ ಉಷ್ಣತೆ ಸೆನ್ಸರ್, ಮದರ್‌ಬೋರ್ಡ್‌ನಲ್ಲಿ ಎರಡು ಪಿನ್‌ನ ಹೆಡರ್ ಬೇಕು. ಜಿಪಿಯು ಒಂದು ಸೆಕೆಂಡಿನಲ್ಲಿ 15 ಡಿಗ್ರಿ ಜಿಗಿಯುತ್ತದೆ, ನೀರು ಅರ್ಧ ಗಂಟೆಯಲ್ಲಿ ನಿಧಾನವಾಗಿ ಏರುತ್ತದೆ. ನೀರು 35ಕ್ಕೆ 700 ಆರ್‌ಪಿಎಂ, 45ಕ್ಕೆ 1,300, ಅಷ್ಟೇ ಕರ್ವ್. 50 ದಾಟಲು ಬಿಡಬೇಡಿ. ಪಿಇಟಿಜಿ ಪ್ಲಾಸ್ಟಿಕ್‌ನ ಗಟ್ಟಿ ಕೊಳವೆ ಇದ್ದರಂತೂ 60ರ ಹತ್ತಿರ ಮೆತ್ತಗಾಗಿ ಫಿಟ್ಟಿಂಗ್‌ನಿಂದ ಜಾರುತ್ತದೆ.

ಫ್ಯಾನ್ ಸದ್ದು ಹೋದ ಮೇಲೆ ಕಾರ್ಡ್‌ನ ಕಾಯಿಲ್ ವೈನ್ (ವಿದ್ಯುತ್ ಸುರುಳಿಗಳ ಕೀಂಗುಡುವ ಸದ್ದು) ಕೇಳಿಸಲು ಶುರುವಾಗಬಹುದು. ಅದು ಮೊದಲೂ ಇತ್ತು, ಮುಚ್ಚಿಹೋಗಿತ್ತು. ಅದಕ್ಕೆ ನೀರಿನಲ್ಲಿ ಮದ್ದಿಲ್ಲ.

ಬಿಸಿಕಾರ್ಡ್

ಸಿಪಿಯುಗೆ ಬರುವ ರೆಡಿ ಎಐಒ ಕೂಲರನ್ನು (ಪಂಪ್, ರೇಡಿಯೇಟರ್ ಜೋಡಿಸಿಯೇ ಬರುವ ನೀರಿನ ಕೂಲರ್) ಬ್ರಾಕೆಟ್ ಹಾಕಿ ಜಿಪಿಯುಗೆ ಕೂರಿಸಿದರೆ? ಪೇಸ್ಟ್ ಬದಲು ಲಿಕ್ವಿಡ್ ಮೆಟಲ್ (ಗ್ಯಾಲಿಯಂ ಬೆರೆತ ದ್ರವ ಲೋಹ) ಹಾಕಲು ಕೂಡ ಕೆಲವರು ಹೇಳುತ್ತಾರೆ.

ಪ್ಯಾಡ್‌ಪುರಾಣ

ಬ್ರಾಕೆಟ್ ಎಐಒ ಕೋರನ್ನು ಮಾತ್ರ ತಣಿಸುತ್ತದೆ. ನಿಮ್ಮ ತೊಂದರೆ ಅರ್ಧ ಮೆಮೊರಿಯದು, ಅಲ್ಲಿ ಹೀಟ್‌ಸಿಂಕೇ ಇಲ್ಲದಂತಾಗುತ್ತದೆ. ಅಂಟಿಸುವ ಪುಟ್ಟ ಸಿಂಕ್‌ಗಳು ಜಿಡಿಡಿಆರ್6ಎಕ್ಸ್‌ಗೆ ಸಾಲವು. ವಿಆರ್‌ಎಂ ಮೇಲೆ ಬೇರೆ ಫ್ಯಾನ್ ಬೇಕು. ಕಾರ್ಖಾನೆಯಲ್ಲೇ ಎಐಒ ಜೋಡಿಸಿ ಬರುವ ಕಾರ್ಡ್‌ಗಳ ಮಾತು ಬೇರೆ, ಅವುಗಳಲ್ಲಿ ಮೆಮೊರಿಗೂ ತಾಮ್ರದ ತಟ್ಟೆ ಇರುತ್ತದೆ.

ಲಿಕ್ವಿಡ್ ಮೆಟಲ್ ಬೇಡವೇ ಬೇಡ. ಗ್ಯಾಲಿಯಂ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ, ಬರಿ ತಾಮ್ರಕ್ಕೆ ಹೀರಿಕೊಂಡು ಒಣಗುತ್ತದೆ, ವಿದ್ಯುತ್ ಹರಿಸುತ್ತದೆ. ಡೈ ಸುತ್ತಲೇ ಸಣ್ಣ ಕೆಪಾಸಿಟರ್‌ಗಳ ಸಾಲಿದೆ.

ನೀರ್ಗೊಳವೆ

ನಿಕಲ್ ಲೇಪದ ಬ್ಲಾಕ್ ಇದ್ದು, ಕೆಪಾಸಿಟರ್‌ಗಳ ಮೇಲೆ ಕನ್ಫಾರ್ಮಲ್ ಕೋಟಿಂಗ್ (ವಿದ್ಯುತ್ ತಡೆಯುವ ಲೇಪ) ಬಳಿದರೆ ಲಿಕ್ವಿಡ್ ಮೆಟಲ್ ಹಾಕಿದವರು ಇದ್ದಾರೆ, ಅಸಾಧ್ಯವೇನಲ್ಲ. ಆದರೆ ಪಿಟಿಎಂಗೆ ಹೋಲಿಸಿದರೆ ಸಿಗುವುದು ಕೆಲವೇ ಡಿಗ್ರಿ. ಅಷ್ಟಕ್ಕೆ ಕಾರ್ಡ್ ಪಣಕ್ಕಿಡಬೇಡಿ ಅನ್ನುವುದಕ್ಕೆ ನನ್ನದೂ ಒಪ್ಪಿಗೆ.

ಕೆಲಸದ ಸರದಿ ಹೀಗಿರಲಿ: ಮುಂದಿನ ಗಾಜು ತೆಗೆಯಿರಿ, ಪಿಟಿಎಂ ಮತ್ತು ಪುಟ್ಟಿ ಹಾಕಿ, 0.875ರಲ್ಲೇ ಫ್ಯಾನನ್ನು 1,600ಕ್ಕೆ ಇಳಿಸಿ ಅಳೆಯಿರಿ. ಹಾಟ್‌ಸ್ಪಾಟ್ 90ರೊಳಗೆ, ಮೆಮೊರಿ 95ರೊಳಗೆ ನಿಂತರೆ ಲೂಪ್ ಬೇಕೆನಿಸುವುದು ಅನುಮಾನ. ಲೂಪ್ ಕಟ್ಟಿದರೂ ಹಳೆಯ ಕೂಲರ್, ಅದರ ಸ್ಕ್ರೂಗಳು ಮತ್ತು ಫ್ಯಾನ್ ವೈರ್‌ಗಳನ್ನು ಒಂದೇ ಡಬ್ಬಿಯಲ್ಲಿ ಎತ್ತಿಡಿ, ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ, ಯಾವುದು ಎಲ್ಲಿಯದೆಂದು ಬರೆದಿಡಿ.